ಕಾಲ ಬುಡದಲ್ಲಿ ಕೂತವಳು

ಒಂದೂರಿನಲ್ಲಿ ಒಬ್ಬ ಅಡುಗೆಯವನಿದ್ದ. ಊರು ವಡೋದರದ ಗೋರ್ವಾ, ಅವನು ಉಡುಪಿ ಹೋಟೆಲಿನ ಮಾಧವ. ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು, ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ತೆಗೆಸಿಕೊಂಡು, ಆಸ್ಪತ್ರೆಯಲ್ಲಿ ಮಲಗಿ ಎಂಟು ದಿನವಾಗಿತ್ತು.

ಮಗಳು ಅಕ್ಷತಾ ಒಂದು ಕೈಯಲ್ಲಿ ಗಂಜಿಯ ಬಟ್ಟಲು, ಇನ್ನೊಂದರಲ್ಲಿ ರಕ್ತಪರೀಕ್ಷೆಯ ಕಾಗದ ಹಿಡಿದು ಬಂದಳು. "ಅಪ್ಪಾ, ನಿಮ್ಮ ಯೂರಿಕ್ ಆಸಿಡ್ ಎರಡಕ್ಕೆ ಇಳಿದಿದೆ. ಹತ್ತು ವರ್ಷದಲ್ಲಿ ಎಂಟರ ಕೆಳಗೆ ಬಂದದ್ದುಂಟಾ? ಇನ್ನು ಗೌಟ್ ಬಂದು ಕಾಲಿನ ಹೆಬ್ಬೆರಳು ಊದುವುದಿಲ್ಲ."

"ಹೇಗೆ ಊದುತ್ತದೆ ಮಾರಾಯ್ತಿ," ಎಂದ ಮಾಧವ ಮೆಲ್ಲಗೆ. "ನನ್ನಮ್ಮ ಕಾಲ ಬುಡದಲ್ಲಿ ಕೂತು ದಿನಾ ನೆಕ್ಕುತ್ತಾಳಲ್ಲ."

ಅಕ್ಷತಾ ಅಪ್ಪನ ಕಾಲ ಬುಡ ನೋಡಿದಳು. ಮಧ್ಯಾಹ್ನದ ಬಿಸಿಲು ಬಿದ್ದಿತ್ತು, ಅಷ್ಟೆ. ಅಜ್ಜಿ ತೀರಿಹೋಗಿ ಆರು ವರ್ಷ.

"ಯಾಕೆ ನೆಕ್ಕುತ್ತಾರೆ?"

"ಉಪ್ಪಿಗೆ. ಅವಳ ಕಾಲು ಬೀಗುತ್ತದೆ ಅಂತ ಕಡೆಗಾಲದಲ್ಲಿ ಸಪ್ಪೆ ಗಂಜಿ ಕೊಟ್ಟೆ. ಒಂದು ಚಿಟಿಕೆ ಕೊಡು ಮಗಾ ಅಂದಳು. ನಾಳೆ ಕೊಡ್ತೇನೆ ಅಂದೆ. ನಾಳೆಗೆ ಅವಳಿರಲಿಲ್ಲ." ಅವನ ತುಟಿ ಒಣಗಿತ್ತು. "ಸಾವಿರ ಜನರ ಎಲೆಗೆ ಮೊದಲು ಉಪ್ಪು ಬಡಿಸಿದವ ನಾನು. ಈಗ ನನ್ನೊಳಗಿನದ್ದನ್ನೇ ತೆಗೆಯುತ್ತಿದ್ದಾಳೆ. ಉಳಿದದ್ದು ಸ್ವಲ್ಪವೇ."

ಅಕ್ಷತಾ ಗಂಜಿ ಕಲಕಿದಳು. ಅಪ್ಪನಿಗೆ ಬಿಪಿ ಎಂದು ಎಂಟು ದಿನದಿಂದ ಅದಕ್ಕೆ ಉಪ್ಪು ಹಾಕದೆ ತರುತ್ತಿದ್ದವಳು ಅವಳೇ.

ಅಷ್ಟರಲ್ಲಿ ಬಂದ ಡಾಕ್ಟರ್ ಮಂಥನ್ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಖುಷಿಪಡುವ ನಂಬರಲ್ಲ, ಬೆಹನ್. ತಲೆಗೆ ಪೆಟ್ಟಾದ ಮೇಲೆ ಕೆಲವರಿಗೆ ಮೂತ್ರದಲ್ಲಿ ಉಪ್ಪು ಸೋರಿಹೋಗುತ್ತದೆ. ಯೂರಿಕ್ ಆಸಿಡ್ ಕೂಡ ಅದರ ಜೊತೆಗೇ. ಸೋಡಿಯಂ ಎಷ್ಟು ಬಿದ್ದಿದೆ ನೋಡಿ. ಹೀಗೇ ಬಿಟ್ಟರೆ ಫಿಟ್ಸ್ ಬರುತ್ತದೆ, ಎಚ್ಚರವೂ ಹೋಗಬಹುದು. ಊಟಕ್ಕೆ ಉಪ್ಪು ಕೊಡುತ್ತಿದ್ದೀರಲ್ಲ?"

ಅಕ್ಷತಾ ಬಟ್ಟಲು ಕೆಳಗಿಟ್ಟಳು. ನರ್ಸ್ ಉಪ್ಪುನೀರಿನ ಡ್ರಿಪ್ ಏರಿಸುವಷ್ಟರಲ್ಲಿ ಕ್ಯಾಂಟೀನಿಗೆ ಓಡಿ ಉಪ್ಪು ತಂದು ಅಪ್ಪನ ಅಂಗೈಗೆ ಹಾಕಹೋದಳು.

"ಕೈಗೆ ಕೊಡಬಾರದು. ಹೋಟೆಲಿನವನ ಮಗಳು ನೀನು," ಎಂದ ಮಾಧವ. "ತಟ್ಟೆಯ ತುದಿಗೆ ಬಡಿಸು. ಮೊದಲು ಅವಳಿಗೆ."

ಅವಳು ಸ್ಟೀಲಿನ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಬಡಿಸಿ ಅವನ ಕಾಲ ಬುಡದಲ್ಲಿಟ್ಟಳು. ಉಳಿದದ್ದನ್ನು ಗಂಜಿಗೆ ಕಲಸಿ ಉಣ್ಣಿಸಿದಳು. ಮಾಧವ ಬಟ್ಟಲು ಖಾಲಿ ಮಾಡಿ, ಎಷ್ಟೋ ದಿನಗಳ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ.

ಅಕ್ಷತಾ ತಟ್ಟೆ ತೆಗೆಯಲು ಬಗ್ಗಿದಾಗ ಅದರಲ್ಲಿ ಉಪ್ಪಿರಲಿಲ್ಲ. ಅಂಚು ಒದ್ದೆಯಾಗಿತ್ತು, ಇನ್ನೂ ಬೆಚ್ಚಗಿತ್ತು.