ಒಂದೇ ಕೋಣೆಗೆ ಕರೆಂಟು

"ಕರೆಂಟು ಈಗಲೇ ಬರೋ ಹಾಗಿಲ್ಲ ಮೇಡಂ. ಜನರೇಟರ್ ಒಂದೇ ಕೋಲ್ಡ್ ರೂಮಿಗೆ ಸಾಲುತ್ತೆ. ಯಾವುದಕ್ಕೆ ಕೊಡ್ಲಿ?" ಎಲೆಕ್ಟ್ರಿಷಿಯನ್ ಕೇಳಿದ. ಎಡಗಡೆಯ ಕೋಣೆಯಲ್ಲಿ, ಒಂದು ಪ್ರೋಟೀನಿನ ರಚನೆ ತಿಳಿಯಲೆಂದು ಸಂಶೋಧನಾಲಯದ ನಿರ್ದೇಶಕಿ ಆಡಳಿತದ ನಡುವೆ ಬಿಡುವು ಕದ್ದು, ವರ್ಷಗಟ್ಟಲೆ ಕಾದು ಬೆಳೆಸಿದ, ತಂಪು ತಪ್ಪಿದರೆ ಕರಗಿಹೋಗುವ ಹರಳುಗಳಿದ್ದವು. ಬಲಗಡೆಯದರಲ್ಲಿ ಕಿರಿಯ ಸಹೋದ್ಯೋಗಿ ಕೂಡಿಟ್ಟ, ಕಾಯಿಲೆ ಮಕ್ಕಳ ರಕ್ತದ ಮಾದರಿಗಳಿದ್ದವು.

"ಬಲಗಡೆಗೆ ಕೊಡಪ್ಪ," ಎಂದರು ನಿರ್ದೇಶಕಿ.

"ಮತ್ತೆ ನಿಮ್ಮದು, ಮೇಡಂ?" ಎಂದಳು ಸಹೋದ್ಯೋಗಿ.

"ಹರಳು ಮತ್ತೆ ಬೆಳೆಸಬಹುದಮ್ಮ. ಆ ಮಕ್ಕಳಲ್ಲಿ ಎಷ್ಟೋ ಜನ ಈಗಿಲ್ಲ."

ಮುಂದಿನ ತಿಂಗಳೇ ಅವರ ನಿವೃತ್ತಿ ಎಂಬುದು ಇಬ್ಬರಿಗೂ ಗೊತ್ತಿತ್ತು. ನಿರ್ದೇಶಕಿ ಎಡಗಡೆಯ ಕೋಣೆಯಿಂದ ಹರಳಿನ ತಟ್ಟೆಯೊಂದನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅದರ ದೀಪವೂ ಆರಿತ್ತು. ಸಹೋದ್ಯೋಗಿ ಮೊಬೈಲಿನ ಬೆಳಕು ಹಿಡಿದಳು. ಹರಳಿನ ಕೊನೆಯ ಅಂಚೂ ಕರಗುವವರೆಗೆ ನಿರ್ದೇಶಕಿ ಕಣ್ಣು ತೆಗೆಯಲಿಲ್ಲ. ಅವಳೂ ಕೈ ಇಳಿಸಲಿಲ್ಲ.