ಮೇಲಿನ ನಾಲ್ಕು ಜಿಬಿ

"ತಲ್ಯಾಗ ಎಂಟು ಜಿಬಿ ಮೆಮೊರಿ ಹಾಕಿದಿ, ಓಡೂದು ನಾಕ! ನನ್ನ ಗಂಡನ ಹೆಸರು ಎಲ್ಲಿ ಹೋತೋ?" ಬಸಲಿಂಗವ್ವ ಹುಬ್ಬಳ್ಳಿಯ ಮೆಮೊರಿ ಅಂಗಡಿಯ ಮೇಜು ಗುದ್ದಿದಳು. ಸಂಜೆ ಬಸಿರಿ ಸೊಸೆಯ ಕುಬಸದ ಶಾಸ್ತ್ರ. ಹೆಂಗಸರ ನಡುವೆ ಪ್ರಾಸ ಕಟ್ಟಿದ ಒಡಪು ಹಾಕಿ, ಅದರ ಕೊನೆಗೆ ಗಂಡನ ಹೆಸರು ಹೇಳಬೇಕು. ಒಡಪು ಪೂರ್ತಿ ಬರುತ್ತದೆ, ಕೊನೆಯಲ್ಲಿ ಹೆಸರೇ ಬರುವುದಿಲ್ಲ.

ರಿಪೇರಿಯ ಇಮಾಮಸಾಬ ಅವಳ ಕಿವಿಯ ಹಿಂದಿನ ವೈರು ನೋಡಿದ. "ಸಿಸ್ಟಮ್ ಹಳೇದೈತಿ ಯವ್ವಾ. ನಾಕು ಜಿಬಿ ಮ್ಯಾಲಿಂದು ಅದಕ್ಕ ಕಾಣೂದಿಲ್ಲ. ದಿನಾ ಬಳಸದ ಮಾತೆಲ್ಲ ಅಲ್ಲಿ ಹೋಗಿ ಕುಂತಾವ."

"ಗಂಡನ ಹೆಸರು ದಿನಾ ಯಾವಾಕಿ ಬಳಸ್ತಾಳೋ, ಭಾಡ್ಯಾ? ಮಗ್ಗಲಮನಿ ಗಂಗವ್ವನ ಜಗಳ ಕೆಳಗ, ಇವರ ಹೆಸರು ಮ್ಯಾಲ?"

"ಈಗ ಯಾರರ ಆ ಹೆಸರು ಹೇಳಿದ್ರ ಕೆಳಗ ಕುಂದರತೈತ್ರಿ. ಆದ್ರ ದಿನಾ ಕರೀಬೇಕು, ಇಲ್ಲಂದ್ರ ಮತ್ತ ಮ್ಯಾಲ ಏರತೈತಿ."

ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಗಂಡ ನಾಚಿಕೊಂಡೇ ತನ್ನ ಹೆಸರನ್ನು ಅವಳ ಕಿವಿಯಲ್ಲಿ ಉಸುರಿದ. ಬಸಲಿಂಗವ್ವನ ಸಿಟ್ಟು ಇಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಗೆಲ್ಲ ಕೇಳುವಂತೆ ಕೂಗಿದಳು: "ಏ ಅಡಿವೆಪ್ಪಾ! ನಡಿ ಮನೀಗೆ!"

ಒಡಪಿಲ್ಲದೆ ತನ್ನ ಹೆಸರನ್ನು ಅವಳ ಬಾಯಲ್ಲಿ ಎಂದೂ ಕೇಳದ ಅಡಿವೆಪ್ಪ, ಯಾರನ್ನು ಕರೆದಳೆಂದು ಹಿಂದೆ ತಿರುಗಿ ನೋಡಿದ.