ಕೊನೆಯ ಪ್ರತಿ

ಯಾವ ಪುಸ್ತಕವಾದರೂ ಸರಿ, ಅದರ ಕೊನೆಯ ಪ್ರತಿಗೆ 'ರದ್ದು' ಮುದ್ರೆ ಬಿದ್ದರೆ ಅದರಲ್ಲಿದ್ದದ್ದು ಹಾಳೆಗಳಿಂದಲೂ ಎಲ್ಲರ ತಲೆಯಿಂದಲೂ ಅಳಿಸಿಹೋಗುತ್ತಿತ್ತು. ಹಾಗಾಗಿ ಮಿಷನ್ ಕಾಲೇಜಿನ ಲೈಬ್ರೇರಿಯನ್ ಎಸ್ತೇರಮ್ಮ, ಪ್ರತಿ ಬೇಸಿಗೆಯ ಸ್ಟಾಕ್ ತಪಾಸಣೆಯಲ್ಲಿ, ಇನ್ನೊಂದು ಪ್ರತಿ ಎಲ್ಲಿದೆಯೆಂದು ಗೊತ್ತಾಗದೆ ಮುದ್ರೆ ಮುಟ್ಟುತ್ತಿರಲಿಲ್ಲ.

ಅಂದು ಕೈಗೆ ಬಂದದ್ದು ಗೆದ್ದಲು ತಿಂದ ಹಳೆಯ ಕೀರ್ತನೆ ಪುಸ್ತಕ. ಪಕ್ಕದ ಚಾಪೆಲಿನಲ್ಲಿ ನಿವೃತ್ತ ಪ್ರಿನ್ಸಿಪಾಲರ ಅಂತ್ಯಕ್ರಿಯೆ ನಡೆದಿತ್ತು. ಎಸ್ತೇರಮ್ಮನನ್ನು ಚಿಕ್ಕಂದಿನಲ್ಲಿ ಅವಳ ಅವ್ವ ಮಡಿಲಲ್ಲಿ ಹಾಕಿಕೊಂಡು ತಟ್ಟುತ್ತ ಹಾಡುತ್ತಿದ್ದ, ಅದೇ ಪುಸ್ತಕದ ಹಾಡು ಕಿಟಕಿಯಿಂದ ತೇಲಿ ಬಂತು. ಸರಿ, ಅಲ್ಲೊಂದು ಪ್ರತಿ ಇದ್ದೇ ಇದೆ ಎಂದುಕೊಂಡು, ತಾನೂ ಗುನುಗುತ್ತ, ಎಸ್ತೇರಮ್ಮ ಮುದ್ರೆ ಒತ್ತಿದಳು.

ಹಾಡು ಅರ್ಧಕ್ಕೇ ನಿಂತಿತು.

ಪಾದ್ರಿ ಅಯ್ಯನವರು ಓಡೋಡಿ ಬಂದರು. "ಎಸ್ತೇರಮ್ಮಾ, ಕೀರ್ತನೆ ಪುಸ್ತಕ ಕೊಡ್ರಿ, ಲಗೂನ! ಇಷ್ಟೊತ್ತು ಹಾಡಿದವರಿಗೆ ಒಂದಕ್ಷರಾನೂ ಬಾಯಿಗೆ ಬರವಲ್ದು."

"ನಿಮ್ಮ ಹತ್ರ ಇನ್ನೊಂದು ಇತ್ತಲ್ರಿ, ಅಯ್ಯನವರ?"

"ಎಲ್ಲೀದು ತಾಯಿ! ನಾವೆಲ್ಲಾ ಬಾಯಿಪಾಠಾನ ಹಾಡ್ತಿದ್ವಿ."

ಅವಳು ಮುದ್ರೆ ಬಿದ್ದ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ತೆರೆದರೆ ಹಾಳೆಗಳಲ್ಲಿ ಗೆದ್ದಲಿನ ತೂತುಗಳಷ್ಟೇ ಇದ್ದವು. ಕಣ್ಣು ಮುಚ್ಚಿದಳು. ಅವ್ವನ ಮಡಿಲು ನೆನಪಾಯಿತು, ತಟ್ಟುವ ಕೈ ನೆನಪಾಯಿತು. ಅವ್ವನ ತುಟಿ ಅಲುಗುತ್ತಿತ್ತು, ದನಿಯೇ ಇರಲಿಲ್ಲ.